ಗೈಡ್ ಬಿಗಿ ಮಾಡಿದರೆ ಹಲಗೆ ನೇರ ಬರುತ್ತದೆಯೇ? 40 ಸೆಕೆಂಡಿನ ವಿಡಿಯೊ ಹೇಳದೆ ಬಿಟ್ಟ ಸಂಗತಿ

"ಬ್ಲೇಡು ಅಲುಗಾಡ್ತಿದೆಯಾ? ಹಲಗೆ ಅಲೆ ಅಲೆಯಾಗಿ ಬರ್ತಿದೆಯಾ? ಮೆಕ್ಯಾನಿಕ್‌ಗೆ ದುಡ್ಡು ಕೊಡಬೇಡಿ. ಗೈಡನ್ನು ಬ್ಲೇಡಿಗೆ ಒತ್ತುವಷ್ಟು ಬಿಗಿ ಮಾಡಿ, ಆಮೇಲೆ ನೋಡಿ ಮ್ಯಾಜಿಕ್! ಎಲ್ಲ ಸಾಮಿಲ್‌ನವರಿಗೂ ಶೇರ್ ಮಾಡಿ."

ಈ ಒಕ್ಕಣೆಯ ಜೊತೆಗೊಂದು 40 ಸೆಕೆಂಡಿನ ವಿಡಿಯೊ. ಮಲೆನಾಡಿನ ಓದುಗರೊಬ್ಬರು ಇದನ್ನು ನಮಗೆ ಕಳಿಸಿದ್ದರು. ಅವರ ಮನೆಯವರದ್ದೇ ಒಂದು ಸಣ್ಣ ಸಾಮಿಲ್ ಇದೆಯಂತೆ. ಕೆಳಗೆ ಒಂದು ಸಾಲು ಬರೆದಿದ್ದರು: "ಇದು ನಿಜವಾ? ತಮ್ಮ ನಾಳೆ ಬೆಳಿಗ್ಗೆನೇ ಮಾಡ್ತೀನಿ ಅಂತಿದ್ದಾನೆ."

ವಿಡಿಯೊದಲ್ಲಿ ಒಬ್ಬರು ಓಡುತ್ತಿರುವ ಬ್ಯಾಂಡ್‌ಸಾ ಪಕ್ಕದಲ್ಲಿ ನಿಂತು ಸ್ಪ್ಯಾನರ್‌ನಿಂದ ಗೈಡನ್ನು ಬಿಗಿ ಮಾಡುತ್ತಾರೆ. ಬ್ಲೇಡಿನ ಸದ್ದು ತಗ್ಗುತ್ತದೆ. ದಿಮ್ಮಿ ಒಳಗೆ ಹೋಗುತ್ತದೆ, ಹಲಗೆ ನೇರವಾಗಿ ಹೊರಗೆ ಬರುತ್ತದೆ. ವಿಡಿಯೊ ಮುಗಿಯುತ್ತದೆ.

ನಾವು ಅವರಿಗೆ ತಕ್ಷಣ ಕೊಟ್ಟ ಉತ್ತರ ಇಷ್ಟು: ಮಾಡುವುದು ಬೇಡ ಅಂತ ತಮ್ಮನಿಗೆ ಹೇಳಿ. ಯಂತ್ರ ಓಡುತ್ತಿರುವಾಗಲಂತೂ ಖಂಡಿತ ಬೇಡ. ಕಾರಣ ಏನು, ಅದರ ಬದಲು ಏನು ಮಾಡಬೇಕು ಎಂಬುದನ್ನು ಇಲ್ಲಿ ಬಿಡಿಸಿ ಹೇಳುತ್ತೇವೆ.

ನಮಗೆ ಸಾಮಿಲ್ ಇಲ್ಲ, ನಾವ್ಯಾಕೆ ಓದಬೇಕು?

ಮನೆ ಕಟ್ಟುವಾಗ ಹಿತ್ತಲಿನ ಹಲಸು, ತೋಟದ ಸಿಲ್ವರ್ ಓಕ್, ಅಪ್ಪ ನೆಟ್ಟ ಸಾಗುವಾನಿಯನ್ನು ಅನುಮತಿ ಪಡೆದು ಕಡಿಸಿ ಮಿಲ್ಲಿಗೆ ಒಯ್ದವರು ನಮ್ಮಲ್ಲಿ ಬಹಳ ಜನ. ಅಲ್ಲಿ ಒಂದು ಸಣ್ಣ ಲೆಕ್ಕ ಇದೆ.

ನಿಮಗೆ 25 ಮಿಲಿಮೀಟರ್ ದಪ್ಪದ ಹಲಗೆ ಬೇಕು. ಕೊಯ್ತ ನೇರವಾಗಿದ್ದರೆ ಹತ್ತರಿ ಹಾಕಲು ಸ್ವಲ್ಪವೇ ಹೆಚ್ಚು ಬಿಟ್ಟು ಕೊಯ್ದರೆ ಸಾಕು. ಬ್ಲೇಡು ಹಾವಿನಂತೆ ಹರಿಯುತ್ತಿದ್ದರೆ ಒಂದೆಡೆ ದಪ್ಪ, ಒಂದೆಡೆ ತೆಳು ಬರುತ್ತದೆ. ತೆಳುವಾದ ಜಾಗದಲ್ಲೂ 25 ಉಳಿಯಬೇಕೆಂದರೆ ಪ್ರತಿ ಹಲಗೆಗೂ ಎರಡೂವರೆ ಮಿಲಿಮೀಟರ್ ಹೆಚ್ಚು ಬಿಡಬೇಕು ಅಂದುಕೊಳ್ಳಿ. 10 ಹಲಗೆಗೆ 25 ಮಿಲಿಮೀಟರ್ ಆಯಿತು. ಅಂದರೆ ಹತ್ತು ಹಲಗೆಗೆ ಒಂದು ಇಡೀ ಹಲಗೆ ಹೊಟ್ಟಾಗಿ ಹೋಯಿತು. ಮೂವತ್ತು ನಲವತ್ತು ವರ್ಷ ಬೆಳೆದ ಮರದ ಹತ್ತನೇ ಒಂದು ಭಾಗ ಬಡಗಿಯ ಹತ್ತರಿ ಕೆಳಗೆ ಕಸವಾಗುವುದು ಹೀಗೆ.

ಇದು ಮರದ ಮಾತು. ಇನ್ನೊಂದು, ಆ ಬ್ಲೇಡಿನ ಪಕ್ಕದಲ್ಲಿ ದಿನವಿಡೀ ನಿಲ್ಲುವವರ ಮಾತು. ದೊಡ್ಡ ಬ್ಯಾಂಡ್‌ಸಾದಲ್ಲಿ ಬ್ಲೇಡು ಸೆಕೆಂಡಿಗೆ 30 ಮೀಟರ್ ಇಲ್ಲವೇ ಅದಕ್ಕೂ ಹೆಚ್ಚು ವೇಗದಲ್ಲಿ ಓಡುತ್ತದೆ. ಗಂಟೆಗೆ 108 ಕಿಲೋಮೀಟರ್. ಹೆದ್ದಾರಿಯ ಕಾರಿನ ವೇಗ. ಆ ವೇಗದಲ್ಲಿ ಉಕ್ಕಿನ ಪಟ್ಟಿ ತುಂಡಾದರೆ ಪಕ್ಕದಲ್ಲಿರುವವರಿಗೆ ಸರಿಯಲು ಸಮಯವೇ ಸಿಗುವುದಿಲ್ಲ.

ಗೈಡ್ ಎಂದರೇನು? ಅದರ ಕೆಲಸ ಏನು?

ಬ್ಯಾಂಡ್‌ಸಾ ಎಂದರೆ ಎರಡು ದೊಡ್ಡ ಚಕ್ರಗಳ ಮೇಲೆ ಬೆಲ್ಟಿನಂತೆ ಸುತ್ತುವ, ಹಲ್ಲುಳ್ಳ ಉಕ್ಕಿನ ಪಟ್ಟಿ. ನಮ್ಮ ಊರುಗಳ ಹಳೆಯ ಮಿಲ್ಲುಗಳಲ್ಲಿ ಚಕ್ರಗಳು ಮೇಲೊಂದು ಕೆಳಗೊಂದು ಇರುತ್ತವೆ. ದಿಮ್ಮಿ ಟ್ರಾಲಿಯ ಮೇಲೆ ಕೂತು ಬ್ಲೇಡಿನತ್ತ ಹೋಗುತ್ತದೆ. ಎಳೆದುಕೊಂಡು ಹೋಗಬಹುದಾದ ಹೊಸ ಯಂತ್ರಗಳಲ್ಲಿ ಬ್ಲೇಡು ಅಡ್ಡಲಾಗಿರುತ್ತದೆ. ಅಲ್ಲಿ ದಿಮ್ಮಿ ಮಲಗಿರುತ್ತದೆ, ಬ್ಲೇಡೇ ಅದರ ಮೇಲೆ ಸಾಗುತ್ತದೆ.

ಎರಡರಲ್ಲೂ ದಿಮ್ಮಿಯ ಆಚೆ ಈಚೆ ಬ್ಲೇಡಿನ ಪಕ್ಕದಲ್ಲಿ ಕೂರುವ ತುಂಡೋ ಉರುಳೆಯೋ ಇರುತ್ತದೆ. ಅದೇ ಗೈಡ್. ಒಂದು ಗೈಡ್ ಕದಲುವುದಿಲ್ಲ. ಇನ್ನೊಂದನ್ನು ದಿಮ್ಮಿಯ ಗಾತ್ರಕ್ಕೆ ತಕ್ಕಂತೆ ಸರಿಸಬಹುದು.

ಅದರ ಕೆಲಸ ತಿಳಿಯಲು ಮಕ್ಕಳ ಪೆಟ್ಟಿಗೆಯಿಂದ 30 ಸೆಂಟಿಮೀಟರಿನ ಪ್ಲಾಸ್ಟಿಕ್ ಅಡಿಪಟ್ಟಿ ತನ್ನಿ. ಎರಡು ತುದಿಯನ್ನು ಎರಡು ಪುಸ್ತಕಗಳ ಮೇಲಿಟ್ಟು ನಡುವೆ ಬೆರಳಿನಿಂದ ಒತ್ತಿ. ಸುಲಭವಾಗಿ ಬಾಗುತ್ತದೆ. ಈಗ ಪುಸ್ತಕಗಳನ್ನು ಹತ್ತಿರ ತನ್ನಿ, ನಡುವಿನ ಅಂತರ 15 ಸೆಂಟಿಮೀಟರ್ ಆಗಲಿ. ಮತ್ತೆ ಒತ್ತಿ. ಅಡಿಪಟ್ಟಿ ಅದೇ, ಬೆರಳೂ ಅದೇ, ಆದರೆ ಬಾಗಿಸಲು ಎಷ್ಟೋ ಹೆಚ್ಚು ಬಲ ಬೇಕು. ಅಂತರ ಅರ್ಧವಾದರೆ ಪಟ್ಟಿಯ ಸ್ವಂತ ಗಡಸುತನದಿಂದ ಬರುವ ಬಲ ಸುಮಾರು 8 ಪಟ್ಟಾಗುತ್ತದೆ. ಬ್ಲೇಡಿನಲ್ಲಿ ಇದರ ಜೊತೆಗೆ ಎಳೆತದಿಂದ ಬರುವ ಬಲವೂ ಇದೆ. ಅದು 2 ಪಟ್ಟಾಗುತ್ತದೆ.

ಈಗ ಗಮನಿಸಿ: ಪುಸ್ತಕಗಳು ಅಡಿಪಟ್ಟಿಯನ್ನು ಹಿಂಡಲಿಲ್ಲ. ಹತ್ತಿರ ಬಂದವು, ಅಷ್ಟೇ.

ಗೈಡಿನ ಕೆಲಸವೂ ಇದೇ. ಬ್ಲೇಡನ್ನು ಇಕ್ಕಳದಂತೆ ಹಿಡಿಯುವುದು ಅದರ ಕೆಲಸವಲ್ಲ. ಆಸರೆಯಿಲ್ಲದೆ ಓಡುವ ಬ್ಲೇಡಿನ ಉದ್ದವನ್ನು ಕಡಿಮೆ ಮಾಡುವುದು, ಬ್ಲೇಡು ಪಕ್ಕಕ್ಕೆ ಸರಿಯಲು ಹೊರಟಾಗ ಮಾತ್ರ ತಡೆಯುವುದು ಅದರ ಕೆಲಸ. ಗದ್ದೆಯ ಬದುವಿನ ಹಾಗೆ. ಬದು ನೀರನ್ನು ಒತ್ತುವುದಿಲ್ಲ, ದಾಟಲು ಬಿಡುವುದಿಲ್ಲ.

ಹಾಗಾದರೆ ವಿಡಿಯೊದಲ್ಲಿ ಹಲಗೆ ನೇರ ಬಂತಲ್ಲ?

ಬಂತು. ವಿಡಿಯೊ ಸುಳ್ಳಲ್ಲ, ಅರ್ಧಕ್ಕೆ ನಿಂತಿದೆ. ಬಿಗಿ ಮಾಡಿದ ಗೈಡ್ ಕಂಪನವನ್ನು ತಕ್ಷಣ ಅಡಗಿಸುತ್ತದೆ. ಸದ್ದೂ ಕಡಿಮೆ, ಮೊದಲ ಹಲಗೆಯೂ ನೇರ. ಕೇಡು ಬರುವುದು ಬಿಸಿಯ ರೂಪದಲ್ಲಿ, ಬಿಸಿ ಏರಲು ಸಮಯ ಬೇಕು. 40 ಸೆಕೆಂಡಿನ ವಿಡಿಯೊ ಅಷ್ಟು ಹೊತ್ತು ಕಾಯುವುದಿಲ್ಲ.

ಎಷ್ಟು ಬಿಸಿ? ಗೈಡ್ ಬ್ಲೇಡನ್ನು ಬರೀ 10 ಕಿಲೋ ಭಾರದಷ್ಟು ಒತ್ತುತ್ತಿದೆ, ಘರ್ಷಣೆಯ ಬಲ ಅದರ ಕಾಲು ಭಾಗ ಎಂದುಕೊಳ್ಳಿ. ಅಂದರೆ ಸುಮಾರು 25 ನ್ಯೂಟನ್. ಬ್ಲೇಡು ಸೆಕೆಂಡಿಗೆ 30 ಮೀಟರ್ ಓಡುತ್ತಿದೆ. 25 ಮತ್ತು 30 ಗುಣಿಸಿದರೆ 750 ವ್ಯಾಟ್. ಮನೆಯ ಒಂದು ಇಸ್ತ್ರಿ ಪೆಟ್ಟಿಗೆಯನ್ನು ಬ್ಲೇಡಿಗೆ ತಾಗಿಸಿ ಹಿಡಿದಂತೆ! ಎರಡು ಗೈಡಿಗೆ ಎರಡು ಇಸ್ತ್ರಿ ಪೆಟ್ಟಿಗೆ.

ಬಿಸಿಯಾದರೆ ಏನಾಗುತ್ತದೆ? ಉಕ್ಕು ಹಿಗ್ಗುತ್ತದೆ. ಒಂದು ಮೀಟರ್ ಉಕ್ಕು 40 ಡಿಗ್ರಿ ಸೆಲ್ಸಿಯಸ್ ಹೆಚ್ಚು ಬಿಸಿಯಾದರೆ ಸುಮಾರು ಅರ್ಧ ಮಿಲಿಮೀಟರ್ ಉದ್ದವಾಗುತ್ತದೆ. ಇಷ್ಟೇನಾ ಅನಿಸಬಹುದು. ಆದರೆ ಇದರ ಪಕ್ಕದಲ್ಲಿ ಇನ್ನೊಂದು ಲೆಕ್ಕ ಇಟ್ಟು ನೋಡಿ.

ಬ್ಲೇಡು ನೆಟ್ಟಗೆ ನಿಲ್ಲುವುದು ಚಕ್ರಗಳು ಅದನ್ನು ಎಳೆದು ಹಿಡಿದಿರುವುದರಿಂದ. ಮಿಲ್ಲಿನಲ್ಲಿ ಇದನ್ನು ಟೆನ್ಷನ್ ಅನ್ನುತ್ತಾರೆ. ಬ್ಲೇಡಿನ ಪ್ರತಿ ಚದರ ಮಿಲಿಮೀಟರಿಗೆ 10 ಕಿಲೋ ಭಾರದಷ್ಟು ಎಳೆತ ಕೊಟ್ಟಿದ್ದಾರೆ ಅಂದುಕೊಳ್ಳಿ. ಆ ಎಳೆತಕ್ಕೆ ಒಂದು ಮೀಟರ್ ಉಕ್ಕು ಹಿಗ್ಗುವುದೂ ಸುಮಾರು ಅರ್ಧ ಮಿಲಿಮೀಟರ್.

ಎರಡೂ ಅರ್ಧ ಮಿಲಿಮೀಟರ್. ಗುಟ್ಟು ಇರುವುದೇ ಇಲ್ಲಿ.

ಬ್ಲೇಡಿನ ಅಗಲದುದ್ದಕ್ಕೂ ಬಿಸಿ ಒಂದೇ ಸಮನಾಗಿ ಏರುವುದಿಲ್ಲ. ಹಲ್ಲಿನ ಕಡೆಯ ಅಂಚಿಗೆ ಮರ ಕೊಯ್ಯುವ ಬಿಸಿ ಮೊದಲೇ ಇದೆ. ಅದರ ಪಕ್ಕದಲ್ಲೇ ಗೈಡ್ ಉಜ್ಜುತ್ತದೆ. ಆ ಅಂಚು ಬ್ಲೇಡಿನ ಉಳಿದ ಭಾಗಕ್ಕಿಂತ 40 ಡಿಗ್ರಿ ಹೆಚ್ಚು ಬಿಸಿಯಾದರೆ ಅದು ತಾನಾಗಿಯೇ ಅರ್ಧ ಮಿಲಿಮೀಟರ್ ಉದ್ದವಾಗುತ್ತದೆ. ಎಳೆದು ಹಿಡಿದಿದ್ದ ಬಿಗುವು ಆ ಅಂಚಿನಲ್ಲಿ ಬಹುಪಾಲು ಕರಗಿಹೋಗುತ್ತದೆ. ಟೆನ್ಷನ್ ಕೊಡುವ ಭಾರ ಅಥವಾ ಸ್ಪ್ರಿಂಗ್ ಮೇಲಿಂದ ಎಳೆಯುತ್ತಲೇ ಇರುತ್ತದೆ, ಮುಳ್ಳು ನೋಡಿದರೆ ಎಲ್ಲ ಸರಿ ಅನಿಸುತ್ತದೆ. ಆದರೆ ಕೊಯ್ಯುವ ಅಂಚು ಮಾತ್ರ ಜೋತುಬಿದ್ದ ಬಟ್ಟೆ ಹಗ್ಗದಂತೆ ಸಡಿಲ. ಸಡಿಲಾದ ಅಂಚು ದಿಮ್ಮಿಯೊಳಗೆ ದಾರಿ ತಪ್ಪುತ್ತದೆ.

ಅಂದರೆ ಅಲೆ ನಿಲ್ಲಿಸಲು ಬಿಗಿ ಮಾಡಿದ ಗೈಡೇ ಸ್ವಲ್ಪ ಹೊತ್ತಿನ ಮೇಲೆ ಅಲೆಗೆ ಕಾರಣವಾಗುತ್ತದೆ. ಆಗ ಮಾಡಿದವರು ಏನು ಮಾಡುತ್ತಾರೆ? ಇನ್ನಷ್ಟು ಬಿಗಿ ಮಾಡುತ್ತಾರೆ. ಬ್ಲೇಡು ನೀಲಿಗಟ್ಟುತ್ತದೆ, ಬಿರುಕು ಬಿಡುತ್ತದೆ. ಒಂದು ದಿನ ಹರಿಯುತ್ತದೆ.

"ನಮ್ಮ ಯಂತ್ರದಲ್ಲಿ ಗೈಡ್ ಬ್ಲೇಡಿಗೆ ತಾಗಿಯೇ ಇರುತ್ತದಲ್ಲ?"

ಈ ಪ್ರಶ್ನೆ ಬಂದೇ ಬರುತ್ತದೆ, ಸರಿಯಾದ ಪ್ರಶ್ನೆಯೇ. ಬ್ಲೇಡನ್ನು ಒತ್ತುವಂತೆಯೇ ಮಾಡಿದ ಗೈಡುಗಳಿವೆ. ಸಾಗಿಸಬಹುದಾದ ಅಡ್ಡ ಬ್ಯಾಂಡ್‌ಸಾಗಳ ಉರುಳೆ ಗೈಡ್ ಬ್ಲೇಡನ್ನು ಅದರ ಸಹಜ ದಾರಿಯಿಂದ ಸುಮಾರು 6 ಮಿಲಿಮೀಟರ್ ಕೆಳಕ್ಕೆ ಒತ್ತಿ ಹಿಡಿಯುತ್ತದೆ. ದೊಡ್ಡ ಕಾರ್ಖಾನೆಗಳ ಒತ್ತು ಗೈಡುಗಳೂ ಬ್ಲೇಡನ್ನು ಕೆಲವು ಮಿಲಿಮೀಟರ್ ಪಕ್ಕಕ್ಕೆ ತಳ್ಳುತ್ತವೆ.

ಆದರೆ ಇವು ಬ್ಲೇಡನ್ನು ಎರಡು ಕಡೆಯಿಂದ ಹಿಂಡುವುದಿಲ್ಲ. ಒಂದೇ ಕಡೆಯಿಂದ ತಳ್ಳುತ್ತವೆ. ಉರುಳೆ ಬ್ಲೇಡಿನ ಜೊತೆಗೇ ತಿರುಗುವುದರಿಂದ ಉಜ್ಜಾಟ ಕಡಿಮೆ. ತಿರುಗದ ಒತ್ತು ಗೈಡುಗಳಿಗೆ ನೀರು ಅಥವಾ ಎಣ್ಣೆ ಹರಿಯುವ ವ್ಯವಸ್ಥೆ ಇರುತ್ತದೆ. ಎಷ್ಟು ಒತ್ತಬೇಕು ಎಂಬ ಅಳತೆ ಯಂತ್ರದ ಕೈಪಿಡಿಯಲ್ಲಿದೆ. ವಿಡಿಯೊದಲ್ಲಿರುವುದು ಜೋಡಿ ತುಂಡಿನ ಗೈಡ್. ಅದಕ್ಕೆ ಇಂಥ ಯಾವ ಏರ್ಪಾಟೂ ಇಲ್ಲ. ಒಂದರ ನಿಯಮವನ್ನು ಇನ್ನೊಂದಕ್ಕೆ ಹಚ್ಚಿದರೆ ಬ್ಲೇಡು ಹಾಳು.

ಯಾವ ಗೈಡ್ ಒಳ್ಳೆಯದು?

"ಲೋಹದ್ದು ಗಟ್ಟಿ, ಆದ್ದರಿಂದ ಅದೇ ಒಳ್ಳೆಯದು" ಎಂಬ ನಂಬಿಕೆ ಸಾಮಾನ್ಯ. ನಿಜಕ್ಕೂ ಬೇಕಾದದ್ದು ಇದರ ತಿರುಗುಮುರುಗು. ತಾಗಿದಾಗ ಸವೆಯಬೇಕಾದದ್ದು ಗೈಡ್, ಬ್ಲೇಡಲ್ಲ. ಗೈಡಿನ ತುಂಡು ಅಗ್ಗ, ಬ್ಲೇಡು ದುಬಾರಿ.

ಗಟ್ಟಿ ಮರದ ತುಂಡು: ಎಲ್ಲಕ್ಕಿಂತ ಹಳೆಯದು, ಈಗಲೂ ಕೆಲಸಕ್ಕೆ ಬರುವಂಥದ್ದು. ಮಿಲ್ಲಿನಲ್ಲೇ ಮಾಡಿಕೊಳ್ಳಬಹುದು, ಎಣ್ಣೆಯಲ್ಲಿ ನೆನೆಸಿಟ್ಟರೆ ಜಾರುತ್ತದೆ, ಬ್ಲೇಡಿಗೆ ಗಾಯ ಮಾಡುವುದಿಲ್ಲ. ಕೊರತೆ ಎಂದರೆ ಬೇಗ ಸವೆಯುತ್ತದೆ. ಕೆರಿಬಿಯನ್ ಕಡೆಯ ಲಿಗ್ನಮ್ ವೀಟೆ ಎಂಬ ಮರ ಬಹಳ ಗಟ್ಟಿ, ತನ್ನೊಳಗೇ ಎಣ್ಣೆಯಂಥ ರಾಳ ತುಂಬಿಕೊಂಡದ್ದು. ಹಡಗಿನ ಪ್ರೊಪೆಲರ್ ದಂಡದ ಬೇರಿಂಗಿಗೆ ಅದನ್ನು ಬಳಸುತ್ತಿದ್ದರು. ಗರಗಸದ ಗೈಡಿಗೂ ಬಳಸಿದ್ದಾರೆ.

ರಾಳದ ಹಲಗೆ ತುಂಡು: ಬಟ್ಟೆ ಅಥವಾ ಕಾಗದದ ಪದರಗಳನ್ನು ರಾಳದಲ್ಲಿ ಒತ್ತಿ ಮಾಡಿದ್ದು. ಕೆಲವದರಲ್ಲಿ ಗ್ರಾಫೈಟ್ ಬೆರೆತಿರುತ್ತದೆ, ಪೆನ್ಸಿಲ್ ಕಡ್ಡಿಯಲ್ಲಿರುವ ಅದೇ ಗ್ರಾಫೈಟ್. ಅದು ಜಾರಿಸುವ ಕೆಲಸ ಮಾಡುತ್ತದೆ. ಮರಕ್ಕಿಂತ ಹೆಚ್ಚು ದಿನ ಬಾಳುತ್ತದೆ, ಬ್ಲೇಡಿಗೂ ಮೃದು. ದಿನಕ್ಕೆ ಹಲವು ಗಂಟೆ ಓಡುವ ಸಣ್ಣ, ಮಧ್ಯಮ ಮಿಲ್ಲುಗಳಿಗೆ ಒಳ್ಳೆಯ ಆಯ್ಕೆ.

ಸೆರಾಮಿಕ್: ಬಹಳ ನಿಧಾನವಾಗಿ ಸವೆಯುತ್ತದೆ, ಬಿಸಿ ತಡೆಯುತ್ತದೆ. ಆದರೆ ಪಿಂಗಾಣಿ ಬಟ್ಟಲಿನಂತೆ ಪೆಟ್ಟು ಬಿದ್ದರೆ ಚಕ್ಕೆ ಏಳುತ್ತದೆ. ಬ್ಲೇಡಿನ ಬೆಸುಗೆ ಉಬ್ಬಿದ್ದರೆ ಪ್ರತಿ ಸುತ್ತಿಗೂ ಒಂದು ಪೆಟ್ಟು. ಬೆಸುಗೆ ನಯವಾಗಿ ಉಜ್ಜಿರುವವರಿಗೆ ಮಾತ್ರ ಇದು.

ಉಕ್ಕಿನ ಉರುಳೆ, ಬೇರಿಂಗ್: ಜೊತೆಗೆ ತಿರುಗುವುದರಿಂದ ಬಿಸಿ ಕಡಿಮೆ. ಶತ್ರು ಎಂದರೆ ಮರದ ಹುಡಿ ಮತ್ತು ಅಂಟು. ಹಲಸಿನ ಮೇಣ, ರಬ್ಬರ್ ಮರದ ಹಾಲು ಹುಡಿಯ ಜೊತೆ ಸೇರಿ ಬೇರಿಂಗಿನೊಳಗೆ ಹೊಕ್ಕರೆ ಅದು ಸಿಕ್ಕಿಹಾಕಿಕೊಳ್ಳುತ್ತದೆ. ತಿರುಗದ ಬೇರಿಂಗ್ ಸಾಣೆಕಲ್ಲಿಗೆ ಸಮ. ಎರಡೂ ಕಡೆ ಮುಚ್ಚಿದ ಬೇರಿಂಗನ್ನೇ ಕೊಳ್ಳಿ.

ವೃತ್ತಾಕಾರದ ಗರಗಸಕ್ಕೂ ಗೈಡ್ ಉಂಟು. ಅದರಲ್ಲಿ ಬ್ಯಾಬಿಟ್ ಎಂಬ ತವರದ ಮಿಶ್ರಲೋಹದ ಮೆತ್ತೆ ಬಳಸುತ್ತಾರೆ. ಅಮೆರಿಕದ ಐಸಾಕ್ ಬ್ಯಾಬಿಟ್ 1839ರಲ್ಲಿ ರೂಪಿಸಿದ ಲೋಹ ಅದು. ಮೃದು, ಸವೆದರೆ ಕರಗಿಸಿ ಮತ್ತೆ ಎರಕ ಹೊಯ್ಯಬಹುದು. ಇಲ್ಲೂ ತತ್ವ ಅದೇ, ಸವೆಯಬೇಕಾದದ್ದು ಗೈಡ್.

ಯಾವುದನ್ನು ಕೊಂಡರೂ ಅಂಗಡಿಗೆ ಹೋಗುವ ಮುನ್ನ ಮೂರು ಸಂಗತಿ ಬರೆದುಕೊಳ್ಳಿ: ಬ್ಲೇಡಿನ ಅಗಲ, ದಪ್ಪ, ನೀವು ಹೆಚ್ಚಾಗಿ ಕೊಯ್ಯುವ ಮರ. ಗೈಡಿನ ತುಂಡು ಬ್ಲೇಡಿಗಿಂತ ಅಗಲವಾಗಿ ಹಲ್ಲಿನವರೆಗೆ ಚಾಚಿದರೆ ಹಲ್ಲುಗಳ ಸೆಟ್ಟಿಂಗ್ ಕೆಡುತ್ತದೆ.

ಸರಿಯಾಗಿ ಕೂರಿಸುವುದು ಹೇಗೆ?

ಮೊದಲ ಹೆಜ್ಜೆ ಸ್ಪ್ಯಾನರ್ ಅಲ್ಲ, ಸ್ವಿಚ್. ಮೇನ್ ಆಫ್ ಮಾಡಿ, ಫ್ಯೂಸ್ ತೆಗೆದು ಜೇಬಿಗೆ ಹಾಕಿಕೊಳ್ಳಿ, ಇಲ್ಲವೇ ಸ್ವಿಚ್ ಪೆಟ್ಟಿಗೆಗೆ ಬೀಗ ಹಾಕಿ ಕೀಲಿ ನಿಮ್ಮಲ್ಲೇ ಇಟ್ಟುಕೊಳ್ಳಿ. ಆಫ್ ಮಾಡಿದ ಮೇಲೂ ಭಾರದ ಚಕ್ರಗಳು ಬಹಳ ಹೊತ್ತು ತಿರುಗುತ್ತಿರುತ್ತವೆ. ಪೂರ್ತಿ ನಿಲ್ಲುವವರೆಗೆ ಕಾಯಿರಿ. ಓಡುವ ಯಂತ್ರದ ಹತ್ತಿರ ಕೈಹಾಕುವುದು ಎಷ್ಟು ಅಪಾಯ ಎಂಬುದು ಹೊಸ ತಿಳಿವಳಿಕೆಯೇನಲ್ಲ. 1948ರ ಕಾರ್ಖಾನೆ ಕಾಯ್ದೆಯ 22ನೇ ಕಲಂ ಇದಕ್ಕೇ ಮೀಸಲು. ಓಡುವ ಯಂತ್ರವನ್ನು ಅನಿವಾರ್ಯವಾಗಿ ಮುಟ್ಟಬೇಕಾದರೆ ವಿಶೇಷ ತರಬೇತಿ ಪಡೆದ, ಮೈಗೆ ಬಿಗಿಯಾದ ಬಟ್ಟೆ ತೊಟ್ಟ ಕೆಲಸಗಾರ ಮಾತ್ರ ಮುಟ್ಟಬೇಕು ಎಂದು ಅದು ಹೇಳಿತ್ತು. ವಿಡಿಯೊದಲ್ಲಿರುವವರು ಲುಂಗಿಯಲ್ಲಿದ್ದಾರೆ.

ಆಮೇಲೆ, ಜೋಡಿ ತುಂಡಿನ ಗೈಡಿಗೆ ಹೀಗೆ ಮಾಡಿ:

1. ಗೈಡುಗಳನ್ನು ಬ್ಲೇಡಿನಿಂದ ಪೂರ್ತಿ ಹಿಂದೆ ಸರಿಸಿ. ಬ್ಲೇಡು ಯಾರ ಆಸರೆಯೂ ಇಲ್ಲದೆ ತನ್ನ ದಾರಿಯಲ್ಲಿ ನಿಲ್ಲಲಿ.

2. ಟೆನ್ಷನ್ ಕೈಪಿಡಿಯಲ್ಲಿ ಹೇಳಿದಷ್ಟು ಕೊಡಿ. ಚಕ್ರವನ್ನು ಕೈಯಿಂದ ಕೆಲವು ಸುತ್ತು ತಿರುಗಿಸಿ, ಬ್ಲೇಡು ಚಕ್ರದ ಮೇಲೆ ಸರಿಯಾದ ಜಾಗದಲ್ಲಿ ಕೂತಿದೆಯೇ ನೋಡಿ. ಇದು ಸರಿಯಾಗದೆ ಗೈಡ್ ಮುಟ್ಟಬೇಡಿ. ಬ್ಲೇಡಿನ ದಾರಿಗೆ ಗೈಡ್ ಹೊಂದಿಕೊಳ್ಳಬೇಕು. ಗೈಡಿನಿಂದ ತಳ್ಳಿ ಬ್ಲೇಡಿನ ದಾರಿ ತಿದ್ದಬಾರದು.

3. ಗೈಡಿನ ಮುಂದಿನ ಅಂಚು ಹಲ್ಲುಗಳ ನಡುವಿನ ಕುಳಿಗಿಂತ ಸ್ವಲ್ಪ ಹಿಂದೆ ನಿಲ್ಲಲಿ. ಹಲ್ಲಿಗೆ ಎಂದೂ ತಾಗಬಾರದು.

4. ಬ್ಲೇಡಿಗೂ ಗೈಡಿಗೂ ನಡುವೆ ಮಾಮೂಲಿ ಜೆರಾಕ್ಸ್ ಹಾಳೆಯ ಚೂರು ಇಟ್ಟು ಗೈಡನ್ನು ಹತ್ತಿರ ತನ್ನಿ. ಹಾಳೆ ಹರಿಯದೆ ಜಾರಿ ಹೊರಗೆ ಬರಬೇಕು. ಆ ಹಾಳೆಯ ದಪ್ಪ ಸುಮಾರು 0.1 ಮಿಲಿಮೀಟರ್. ಬಡಗಿ ಅಂಗಡಿಯ ಸಣ್ಣ ಬ್ಯಾಂಡ್‌ಸಾಗೆ ಅಷ್ಟು ಅಂತರ ಸರಿ. ದೊಡ್ಡ ಯಂತ್ರಕ್ಕೆ ಕೈಪಿಡಿಯ ಅಳತೆಯೇ ಅಂತಿಮ. ಎರಡೂ ಬದಿಗೆ ಹೀಗೆ ಮಾಡಿ.

5. ಬ್ಲೇಡಿನ ಬೆನ್ನಿಗೆ ಆಸರೆ ಕೊಡುವ ಹಿಂಬದಿ ಗೈಡ್ ಇದ್ದರೆ, ಮರ ಕೊಯ್ಯದೆ ಬರಿದೇ ಓಡುವಾಗ ಅದು ಬ್ಲೇಡಿಗೆ ತಾಗಬಾರದು. ಉರುಳೆ ಗೈಡಿನ ಅಂಚುಪಟ್ಟಿಗೂ ಬ್ಲೇಡಿನ ಬೆನ್ನಿಗೂ ಸಾಮಾನ್ಯವಾಗಿ ಒಂದೂವರೆಯಿಂದ 3 ಮಿಲಿಮೀಟರ್ ಬಿಡುತ್ತಾರೆ.

6. ಎರಡು ಗೈಡುಗಳೂ ಒಂದೇ ಗೆರೆಯಲ್ಲಿವೆಯೇ ನೋಡಿ. ನೇರವಾದ ಕಬ್ಬಿಣದ ಪಟ್ಟಿಯೊಂದನ್ನು ಬ್ಲೇಡಿನ ಮೈಗೆ ಹಲ್ಲು ತಪ್ಪಿಸಿ ಆನಿಸಿ. ಅದರ ಎರಡು ತುದಿಯಿಂದ ಟ್ರಾಲಿಯ ಹಳಿಗೆ ಅಥವಾ ಹಾಸಿಗೆಗೆ ಅಳತೆ ತೆಗೆಯಿರಿ. ಎರಡೂ ಸಮ ಬರಬೇಕು. ಬರದಿದ್ದರೆ ಬ್ಲೇಡು ಓರೆಯಾಗಿ ನಿಂತಿದೆ, ಎಷ್ಟು ಚೂಪಾಗಿದ್ದರೂ ಕೊಯ್ತ ಒಂದೇ ಕಡೆಗೆ ಎಳೆಯುತ್ತದೆ.

ಇಷ್ಟೆಲ್ಲ ಮಾಡಿದ ಮೇಲೆ ಪ್ರತಿದಿನ ಮರೆಯಬಾರದ ಒಂದೇ ಒಂದು ಕೆಲಸ ಇದೆ: ಸರಿಸುವ ಗೈಡನ್ನು ಪ್ರತಿ ದಿಮ್ಮಿಗೂ ಆದಷ್ಟು ಹತ್ತಿರ ತರುವುದು. ಬೆಳಿಗ್ಗೆ ದಪ್ಪ ದಿಮ್ಮಿಗೆಂದು ಮೇಲೆ ಏರಿಸಿದ ಗೈಡನ್ನು ಸಂಜೆ ಸಣ್ಣ ದಿಮ್ಮಿ ಕೊಯ್ಯುವಾಗಲೂ ಅಲ್ಲೇ ಬಿಡುವುದು ಬಹಳ ಕಡೆ ಆಗುವ ತಪ್ಪು. ಪುಸ್ತಕ ದೂರ ಇಟ್ಟು ಅಡಿಪಟ್ಟಿ ಬಾಗುತ್ತದೆ ಅಂತ ದೂರಿದ ಹಾಗೆ. ವಿಡಿಯೊ ನೋಡಿ ಬಿಗಿ ಮಾಡುವ ಬದಲು ಗೈಡನ್ನು ಒಂದು ಗೇಣು ಕೆಳಗಿಳಿಸಿದರೆ ಎಷ್ಟೋ ಅಲೆ ಅಲ್ಲಿಗೇ ನಿಲ್ಲುತ್ತದೆ. ತಗ್ಗಿಸಿದ ಗೈಡಿನಿಂದ ಇನ್ನೊಂದು ಲಾಭ, ಹೊರಗೆ ತೆರೆದುಕೊಂಡ ಬ್ಲೇಡೂ ಕಡಿಮೆಯಾಗುತ್ತದೆ.

ನೋಡಿಕೊಳ್ಳುವುದು ಹೇಗೆ?

ದಿನಾ ಕೆಲಸ ಮುಗಿದ ಮೇಲೆ: ಯಂತ್ರ ನಿಲ್ಲಿಸಿ ಗೈಡಿನ ಸುತ್ತ ಕಟ್ಟಿದ ಹುಡಿ, ಅಂಟು ಕೆರೆದು ತೆಗೆಯಿರಿ. ಬ್ಲೇಡಿನ ಟೆನ್ಷನ್ ಸಡಿಲಿಸಿ. ಬಿಸಿಯಾಗಿ ಹಿಗ್ಗಿದ ಬ್ಲೇಡು ರಾತ್ರಿ ತಣ್ಣಗಾಗಿ ಕುಗ್ಗುವಾಗ ಸುಮ್ಮನೆ ಎಳೆತಕ್ಕೆ ಸಿಗುವುದು ತಪ್ಪುತ್ತದೆ.

ಬ್ಲೇಡು ಬದಲಿಸಿದಾಗಲೆಲ್ಲ: ಗೈಡಿನ ಮುಖ ನೋಡಿ. ಗೀರು ಬಿದ್ದಿದೆಯೇ, ಒಂದು ಕಡೆ ಮಾತ್ರ ಸವೆದು ಓರೆಯಾಗಿದೆಯೇ? ಮರದ ಅಥವಾ ರಾಳದ ತುಂಡಾದರೆ ಅರ ಹಾಕಿ ಮಟ್ಟಸ ಮಾಡಿ ಮತ್ತೆ ಕೂರಿಸಬಹುದು. ಒಂದೇ ಕಡೆ ಸವೆಯುವುದು ಪದೇ ಪದೇ ಆಗುತ್ತಿದ್ದರೆ ದೋಷ ಗೈಡಿನದಲ್ಲ, ಬ್ಲೇಡಿನ ದಾರಿಯದು. ಮೇಲಿನ 2ನೇ ಹೆಜ್ಜೆಗೆ ಹೋಗಿ.

ವಾರಕ್ಕೊಮ್ಮೆ: ಉರುಳೆಯನ್ನು ಬೆರಳಿನಿಂದ ತಿರುಗಿಸಿ. ಸದ್ದಿಲ್ಲದೆ ತಿರುಗಬೇಕು. ಗರಗರ ಅಂದರೆ, ಅಲುಗಾಡಿದರೆ ಬೇರಿಂಗ್ ಬದಲಿಸಿ. ಗೈಡ್ ಹಿಡಿದಿರುವ ತೋಳನ್ನು ಕೈಯಲ್ಲಿ ಹಿಡಿದು ಅಲ್ಲಾಡಿಸಿ ನೋಡಿ. ತೋಳೇ ಸಡಿಲವಿದ್ದರೆ ಎಷ್ಟು ದುಬಾರಿ ಗೈಡ್ ಹಾಕಿದರೂ ವ್ಯರ್ಥ.

ಬ್ಲೇಡು ಮಾತಾಡುತ್ತದೆ, ಕೇಳಿಸಿಕೊಳ್ಳಿ

ಗೈಡಿನ ಮೇಲೆ ತಪ್ಪು ಹೊರಿಸುವ ಮುನ್ನ ಬ್ಲೇಡನ್ನೇ ನೋಡಬೇಕು. ಅಲೆ ಅಲೆ ಕೊಯ್ತಕ್ಕೆ ಮೊದಲ ಶಂಕಿತ ಮೊಂಡಾದ ಹಲ್ಲು. ಸಾಗುವಾನಿಯಲ್ಲಿ ಮರಳಿನಲ್ಲಿರುವಂಥ ಸಿಲಿಕಾ ಇರುವುದರಿಂದ ಹಲ್ಲು ಬೇಗ ಮೊಂಡಾಗುತ್ತದೆ. ರಸ್ತೆ ಬದಿಯ, ಹಿತ್ತಲ ಮರಗಳಲ್ಲಿ ಯಾರೋ ಎಂದೋ ಹೊಡೆದ ಮೊಳೆ, ತಂತಿ ಅಡಗಿರುತ್ತವೆ. ಮೊಂಡು ಹಲ್ಲಿನ ಮೇಲೆ ದಿಮ್ಮಿ ನೂಕಿದರೆ ಬ್ಲೇಡು ಹಿಂದಕ್ಕೂ ಪಕ್ಕಕ್ಕೂ ಸರಿಯುತ್ತದೆ.

ಅಲೆ ಎರಡೂ ಕಡೆಗೆ ಹರಿದರೆ: ಹಲ್ಲು ಮೊಂಡು, ಟೆನ್ಷನ್ ಕಡಿಮೆ, ದಿಮ್ಮಿ ನೂಕುವ ವೇಗ ಹೆಚ್ಚು ಅಥವಾ ಗೈಡ್ ದೂರ.

ಯಾವಾಗಲೂ ಒಂದೇ ಕಡೆಗೆ ಎಳೆದರೆ: ಹಲ್ಲುಗಳ ಸೆಟ್ಟಿಂಗ್ ಒಂದು ಬದಿಗೆ ಹೆಚ್ಚಾಗಿದೆ ಅಥವಾ ಗೈಡುಗಳು ಒಂದೇ ಗೆರೆಯಲ್ಲಿಲ್ಲ.

ಬ್ಲೇಡಿನ ಬೆನ್ನು ಹೊಳೆದು ಅಂಚು ಚಪ್ಪಟೆಯಾಗಿದ್ದರೆ, ಬೆನ್ನಿನ ಕಡೆಯಿಂದ ಬಿರುಕು ಶುರುವಾಗಿದ್ದರೆ: ಹಿಂಬದಿ ಗೈಡ್ ಸದಾ ಉಜ್ಜುತ್ತಿದೆ.

ಮೈಮೇಲೆ ನೀಲಿ ಕಲೆ ಇದ್ದರೆ: ಉಕ್ಕು ಅತಿಯಾಗಿ ಬಿಸಿಯಾಗಿತ್ತು. ಆ ಬ್ಲೇಡನ್ನು ನಂಬಬೇಡಿ, ಬಲ್ಲವರಿಗೆ ತೋರಿಸಿ.

ಬಿರುಕು ಎಲ್ಲಿ ಕಂಡರೂ, ಎಷ್ಟೇ ಸಣ್ಣದಿರಲಿ: ಆ ದಿನ ಆ ಬ್ಲೇಡು ಓಡಬಾರದು. "ಇದೊಂದು ದಿಮ್ಮಿ ಮುಗಿಸಿಬಿಡೋಣ" ಎಂಬ ಮಾತು ಬೇಡ.

ಡೀಸೆಲ್ ಸುರಿದರೆ ಸರಿಹೋಗುತ್ತದೆಯೇ?

ಇದೂ ಅದೇ ಸಂದೇಶದ ಕೊನೆಯಲ್ಲಿತ್ತು. ಅಂಟು ಹಿಡಿದ ಬ್ಲೇಡಿನ ಮೇಲೆ ಡೀಸೆಲ್ ಅಥವಾ ಸೀಮೆಎಣ್ಣೆ ಹಾಕಿದರೆ ಅಂಟು ಬಿಡುತ್ತದೆ, ಅಷ್ಟು ನಿಜ. ಆದರೆ ಒಣ ಹುಡಿ, ಬಿಸಿ ಗೈಡ್, ಎಣ್ಣೆ ಮೂರೂ ಒಂದೇ ಜಾಗದಲ್ಲಿ ಸೇರಿದರೆ ಬೆಂಕಿಗೆ ಬೇರೆ ಕರೆಯೋಲೆ ಬೇಡ. ಓಡುವ ಬ್ಲೇಡಿನ ಮೇಲೆ ಡಬ್ಬಿ ಹಿಡಿದು ಸುರಿಯುವ ಕೈಗೂ ಅಪಾಯ. ಬದಲಿಗೆ ಯಂತ್ರಕ್ಕೇ ಒಂದು ಡಬ್ಬಿ, ಸಣ್ಣ ನಲ್ಲಿ ಜೋಡಿಸಿ, ಪಾತ್ರೆ ತೊಳೆಯುವ ದ್ರವದ ಕೆಲವು ಹನಿ ಬೆರೆಸಿದ ನೀರು ಬ್ಲೇಡಿನ ಮೇಲೆ ತೊಟ್ಟಿಕ್ಕುವಂತೆ ಮಾಡಿ. ಅಂಟಿನ ಮರಕ್ಕೆ ಮಾತ್ರ ಸಾಕು. ಕೆಲಸ ಮುಗಿದ ಮೇಲೆ ನೀರು ನಿಲ್ಲಿಸಿ ಬ್ಲೇಡನ್ನು ಒಂದೆರಡು ನಿಮಿಷ ಬರಿದೇ ಓಡಿಸಿ ಒಣಗಿಸಿ, ಇಲ್ಲದಿದ್ದರೆ ತುಕ್ಕು ಹಿಡಿಯುತ್ತದೆ.

ಕೊನೆಗೆ ತಮ್ಮ ಏನು ಮಾಡಿದ?

ನಮ್ಮ ಉತ್ತರ ನೋಡಿದ ಓದುಗರು ಮರುದಿನ ಮಿಲ್ಲಿನಿಂದಲೇ ಒಂದು ಫೋಟೊ ಕಳಿಸಿದರು. ಮೇಲಿನ ಗೈಡ್ ದಿಮ್ಮಿಯಿಂದ ಹೆಚ್ಚುಕಡಿಮೆ ಒಂದೂವರೆ ಅಡಿ ಎತ್ತರದಲ್ಲಿ ನಿಂತಿತ್ತು. ಅದನ್ನು ಇಳಿಸುವ ತಿರುಪು ತುಕ್ಕು ಹಿಡಿದು ಎಷ್ಟೋ ಕಾಲವಾಗಿತ್ತಂತೆ, ಹಾಗಾಗಿ ಯಾರೂ ಇಳಿಸುತ್ತಿರಲಿಲ್ಲ. ತಿರುಪು ಬಿಡಿಸಿ, ಬ್ಲೇಡು ಸಾಣೆ ಹಿಡಿಸಿ, ಗೈಡ್ ಇಳಿಸಿದರು. "ಈಗ ಪರವಾಗಿಲ್ಲ" ಎಂದು ಬರೆದರು. ಮ್ಯಾಜಿಕ್ ಎಂದು ಬರೆಯಲಿಲ್ಲ, ನಮಗೆ ಅಷ್ಟು ಸಾಕು.

ಆ ವಿಡಿಯೊ ನಿಮ್ಮ ಗುಂಪಿಗೂ ಬಂದರೆ ಕಳಿಸಿದವರನ್ನು ಬೈಯಬೇಡಿ. ಅವರು ಒಳ್ಳೆಯದಾಗಲಿ ಅಂತಲೇ ಕಳಿಸಿರುತ್ತಾರೆ. ಅದರ ಕೆಳಗೆ ಇದನ್ನು ಹಾಕಿ:

"ಗೈಡ್ ಬಿಗಿ ಮಾಡಬೇಡಿ, ಹತ್ತಿರ ತನ್ನಿ. ಜೋಡಿ ತುಂಡಿನ ಗೈಡಿಗೂ ಬ್ಲೇಡಿಗೂ ನಡುವೆ ಹಾಳೆಯಷ್ಟು ಜಾಗ ಬಿಡಿ. ಮೊದಲು ಹಲ್ಲು ಚೂಪು ಮಾಡಿ, ಟೆನ್ಷನ್ ನೋಡಿ. ಬಿರುಕು ಕಂಡರೆ ಬ್ಲೇಡು ಇಳಿಸಿ. ಯಂತ್ರ ಓಡುವಾಗ ಕೈ ಹಾಕಬೇಡಿ."